ಬೇಲಿಯ ಕಂಡಿ ಮುಚ್ಚಿದವರು

ಮೊನ್ನೆ ತುಮಕೂರಿನಲ್ಲಿ ನನ್ನ ಹಳೆಯ ಸಾಹೇಬರ ಮಣ್ಣಿಗೆ ಹೋಗಿದ್ದೆ. ಎಲ್ಲ ಮುಗಿದು ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ, ಅವರ ಜೊತೆ ಕೊನೆಯ ವರ್ಷಗಳಲ್ಲಿ ಕೆಲಸ ಮಾಡಿದ್ದವರೊಬ್ಬರು ನನ್ನ ಕೈ ಹಿಡಿದು, "ಎಂಥಾ ಮೆದು ಮನುಷ್ಯ ರೀ, ಒಂದು ಇರುವೆಗೂ ನೋವು ಮಾಡ್ದೋರಲ್ಲ" ಅಂದರು. ನಾನು ಹೂಂ ಅಂದೆ. ಸಾವಿನ ಮನೆಯ ಬಾಗಿಲಲ್ಲಿ ಜಗಳ ಕಾಯುವುದು ಚೆನ್ನಾಗಿರುವುದಿಲ್ಲ. ಆದರೆ ಬಸ್ ಸ್ಟ್ಯಾಂಡಿನವರೆಗೂ ನನಗೆ ಸಿಟ್ಟು ಇಳಿಯಲಿಲ್ಲ. ಅವರು ಮೆದು ಮನುಷ್ಯರಾಗಿರಲಿಲ್ಲ. ಹಸಿದು ಬಂದ ಜಿಂಕೆಗಳ ಮೇಲೆ ಕಲ್ಲು ಬೀಸಿದ್ದನ್ನು, ನಾಯಿ ಛೂಬಿಟ್ಟದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಅದನ್ನು ಬಿಟ್ಟು ಅವರನ್ನು ಹೊಗಳಿದರೆ ಅವರು ಪಟ್ಟ ಪಾಡಿಗೆ ಬೆಲೆಯೇ ಇಲ್ಲದಂತಾಗುತ್ತದೆ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಅವರು ಫಾರೆಸ್ಟರ್, ನಾನು ಅವರ ಕೈಕೆಳಗಿನ ಗಾರ್ಡು. ಗುಬ್ಬಿ ತಾಲ್ಲೂಕಿನಲ್ಲಿ ಸಿ.ಎಸ್. ಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮದೊಂದು ಕಾವಲು. ಕಾವಲು ಅಂದರೆ ಮರ ಕಡಿಮೆ, ಹುಲ್ಲೇ ಜಾಸ್ತಿ ಇರುವ ಸರ್ಕಾರಿ ಬಯಲು. ಅಲ್ಲಿ ಕೃಷ್ಣಮೃಗಗಳ ಒಂದು ಹಿಂಡಿತ್ತು. ನಾವೆಲ್ಲ ಸುಮ್ಮನೆ ಜಿಂಕೆ ಅನ್ನುತ್ತಿದ್ದೆವು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಅವರು ಅಲ್ಲಿಗೆ ವರ್ಗವಾಗಿ ಬಂದರು. ತುಮಕೂರಿನ ಪೇಟೆಯಲ್ಲಿ ಹಾಸಿಗೆ ಅಂಗಡಿ ಇಟ್ಟವರ ಮನೆಯ ಮಗ. ಅಣ್ಣತಮ್ಮಂದಿರೆಲ್ಲ ಹತ್ತಿ ಎಕ್ಕುತ್ತ ಕೂತರೆ ಇವರೊಬ್ಬರು ಖಾಕಿ ತೊಟ್ಟು ಹೊರಬಿದ್ದಿದ್ದರು. ನಾನು ಬೆಳ್ಳಾವಿ ಕಡೆಯ ರಾಗಿ ಹೊಲದವನು. ಪೇಟೆಯವರಿಗೆ ಮಣ್ಣು ಏನು ಗೊತ್ತು ಅಂತ ಒಳಗೊಳಗೇ ನಕ್ಕಿದ್ದೆ.

ಗಂಟಲು ಮಾತ್ರ ಭಾರಿ. ಕಾವಲಿನ ಆ ತುದಿಯಲ್ಲಿ ನಿಂತು ಬೈದರೆ ಈ ತುದಿಯಲ್ಲಿ ನನಗೆ ಒಂದಕ್ಷರ ತಪ್ಪದೆ ಕೇಳುತ್ತಿತ್ತು. ಮೇಲಿನವರ ಜೊತೆ ಇಂಗ್ಲಿಷು, ನಮ್ಮನ್ನು ಬೈಯಲು ಕನ್ನಡ, ಜಿಂಕೆಗಳ ಜೊತೆ ಉರ್ದು. "ಸಾ, ಅವು ಗುಬ್ಬಿ ತಾಲ್ಲೂಕಿನ ಜಿಂಕೆಗಳು, ಅವಕ್ಕೆ ನಿಮ್ಮ ಭಾಷೆ ಎಲ್ಲಿ ಬರುತ್ತೆ?" ಅಂತ ಒಮ್ಮೆ ಕೆಣಕಿದ್ದೆ. "ಮನೇಲಿ ಮಕ್ಕಳ ಹತ್ರ ಮಾತಾಡೋ ಭಾಷೆ ಕಣಯ್ಯ, ಬೇರೆ ಬಾಯಿಗೆ ಬರಲ್ಲ" ಅಂದರು. ಮಕ್ಕಳೂ ಇದ್ದರು ಅವರಿಗೆ, ಮೂರು ಜನ. ಆದರೆ ವಾರಕ್ಕೊಮ್ಮೆ ಮನೆಗೆ ಹೋಗುವ ಮನುಷ್ಯ, ಆ ಭಾಷೆಯ ಹೆಚ್ಚು ಪಾಲು ಕೇಳಿಸಿಕೊಂಡದ್ದು ಜಿಂಕೆಗಳೇ.

ಬೇಸಿಗೆಯಲ್ಲಿ ಕಾವಲಿನ ಹುಲ್ಲು ಒಣಗಿದರೆ ಜಿಂಕೆಗಳು ಸುತ್ತಲ ಹೊಲಗಳಿಗೆ ಬೀಳುತ್ತಿದ್ದವು. ರೈತರು ಬೈಯುತ್ತಿದ್ದರು, ಕೆಲವರು ಉರುಲು ಒಡ್ಡುತ್ತಿದ್ದರು. ಅವು ಹೊರಗೇ ಹೋಗದ ಹಾಗೆ ಅವರು ಕಾವಲಿನ ಒಳಗೇ ನಾಲ್ಕು ಕಡೆ ನೆಲ ಉಳುಮೆ ಮಾಡಿಸಿ ಬಿತ್ತಿಸಿದರು. ಮೂರರಲ್ಲಿ ಹುರುಳಿ, ಅಲಸಂದೆ. ಒಂದರಲ್ಲಿ ಜೋಳ. ನಾವು ಅದನ್ನು ಮೇವಿನ ಪಟ್ಟೆ ಅಂತ ಕರೆಯುತ್ತಿದ್ದೆವು. ಸುತ್ತ ಜಾಲಿ ಮುಳ್ಳಿನ ಬೇಲಿ, ಬೇಲಿಯ ಬುಡದಲ್ಲಿ ಅಲ್ಲಲ್ಲಿ ಕಂಡಿ. ಜಿಂಕೆ ಅಂದರೆ ನೆಗೆಯುತ್ತದೆ ಅಂತ ಎಲ್ಲರೂ ತಿಳಿದಿರುತ್ತಾರೆ. ಬೇಲಿ ಅಡ್ಡ ಬಂದರೆ ನಮ್ಮ ಕೃಷ್ಣಮೃಗ ಮೊದಲು ಕೆಳಗೆ ನುಸಿಯಲು ನೋಡುತ್ತದೆ. ಕಂಡಿ ಎಷ್ಟಿರಬೇಕು ಎಂದು ತಿಳಿಯಲು ಅವರು ನನ್ನನ್ನೇ ಅಂಗಾತ ಮಲಗಿಸಿ ನುಸಿಸಿದರು. ನನ್ನ ಹೊಟ್ಟೆ ಸಿಕ್ಕಿಕೊಂಡಿತು. "ಸಾಕು, ಇಷ್ಟೇ ಇರ್ಲಿ. ನಿನ್ನ ಹೊಟ್ಟೆಗೇ ದಾರಿ ಇಲ್ಲ ಅಂದ್ಮೇಲೆ ದನಗಳಿಗೆಲ್ಲಿ?" ಅಂದು ಕಾವಲೆಲ್ಲ ಕೇಳುವಂತೆ ನಕ್ಕರು.

ಸಂಜೆ ಅವರು ಪಟ್ಟೆಯ ಪಕ್ಕದ ಬಂಡೆಯ ಮೇಲೆ ಕೂತುಬಿಡುತ್ತಿದ್ದರು. ಮೊದಮೊದಲು ಹಿಂಡು ದೂರ ನಿಲ್ಲುತ್ತಿತ್ತು. ಎರಡನೆಯ ವರ್ಷಕ್ಕೆ ಹೆಣ್ಣುಗಳು ಅವರ ಎದುರಿನಲ್ಲೇ ಕಂಡಿ ನುಸಿದು ಒಳಗೆ ಹೋಗಲು ಶುರು ಮಾಡಿದವು. "ಆಜಾ ಬೇಟಾ" ಅಂತ ಅವರ ಮಾತು ನಡೆದೇ ಇರುತ್ತಿತ್ತು. ನಾನು ಬಾಯಿ ತೆಗೆದರೆ ಸಾಕು, ಕಿವಿ ನೆಟ್ಟಗಾಗಿ ಓಡುತ್ತಿದ್ದವು. ಆ ಗಂಟಲಿಗೆ ಮಾತ್ರ ಹೆದರುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ನಿಜ ಹೇಳಬೇಕೆಂದರೆ.

ಆಮೇಲೆ ಆ ಬರ ಬಂತು. ಎರಡು ಸಾವಿರನೇ ಇಸವಿ ಕಳೆದ ಮೇಲಿನ ಬರ, ಈ ಕಡೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮುಂಗಾರು ಬರಲಿಲ್ಲ. ಹಿಂಗಾರು ಒಂದೆರಡು ಹದ ಬಿದ್ದು ಆಸೆ ಹುಟ್ಟಿಸಿತು. ಅದನ್ನು ನಂಬಿ ನಾಲ್ಕೂ ಪಟ್ಟೆ ಬಿತ್ತಿದೆವು. ಹುರುಳಿ ಎರಡೆಲೆ ಬಿಡುವುದರೊಳಗೆ ಹಸಿದ ಹಿಂಡು ಬೇರಿನ ತನಕ ಮೇದು ಮುಗಿಸಿತು. ಅಲಸಂದೆ ಮೇಲೇಳಲೇ ಇಲ್ಲ. ಜೋಳ ಮೊಣಕಾಲೆತ್ತರ ಬಂದು ಅಲ್ಲಿಗೇ ನಿಂತಿತು. ಮಳೆ ಹೋಯಿತು. ಕಾವಲೆಲ್ಲ ಬೂದಿ ಬಣ್ಣ, ಅದರ ನಡುವೆ ಆ ಒಂದು ಪಟ್ಟೆ ಮಾತ್ರ ಹಸಿರು.

ಎಳೆ ಜೋಳದಲ್ಲಿ ನಂಜಿರುತ್ತದೆ. ಇದು ನಮ್ಮ ಕಡೆ ದನ ಕಟ್ಟಿದವರಿಗೆಲ್ಲ ಗೊತ್ತು. ಮಳೆ ಸರಿಯಾಗಿ ಆದರೆ ಪೈರು ಎದೆಯೆತ್ತರ ಬೆಳೆದು ತೆನೆ ಬರುವ ಹೊತ್ತಿಗೆ ನಂಜು ಇಳಿಯುತ್ತದೆ. ಪೈರು ಬಾಡಿ ಗಿಡ್ಡಕ್ಕೇ ನಿಂತರೆ ಅದು ಇಳಿಯುವುದಿಲ್ಲ, ಏರುತ್ತದೆ. ಅವರಿಗೂ ಇದು ಗೊತ್ತಿತ್ತು. ಆದರೂ ಯಾವ ವರ್ಷವೂ ಜೋಳದ ಪಟ್ಟೆಯ ಕಂಡಿಗಳನ್ನು ನಾವು ಮುಚ್ಚಿರಲಿಲ್ಲ. ಕಾಡಿನ ಪ್ರಾಣಿಗೆ ಯಾವುದು ನಂಜು ಅಂತ ಮೂಗೇ ಹೇಳುತ್ತದೆ ಎಂಬುದು ನಮ್ಮ ನಂಬಿಕೆ. ಕಣ್ಣಿಗೂ ಹಾಗೇ ಕಂಡಿತ್ತು, ಜೋಳ ಎಳೆಯದಾಗಿರುವಾಗ ಅವು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಪಕ್ಕದಲ್ಲಿ ಹುರುಳಿ ಇತ್ತು, ಅದಕ್ಕೇ ನೋಡುತ್ತಿರಲಿಲ್ಲ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ಜೋಳದ ಪಟ್ಟೆಯೊಳಗೆ, ಕಂಡಿಯಿಂದ ನಾಲ್ಕು ಮಾರು ದೂರದಲ್ಲಿ ಒಂದು ಹೆಣ್ಣು ಜಿಂಕೆ ಸತ್ತು ಬಿದ್ದಿತ್ತು. ಬಾಯಲ್ಲಿ ನೊರೆ, ಹಲ್ಲಿನ ನಡುವೆ ಇನ್ನೂ ಅಗಿಯದ ಗರಿ. ಗುಬ್ಬಿಯಿಂದ ದನದ ಡಾಕ್ಟರು ಬಂದು ನೋಡಿದರು. "ಜೋಳದ ನಂಜೇ. ಇದನ್ನ ಕಾಲು ಗಂಟೆ ಮೇಯೋಕೆ ಬಿಟ್ರೆ ಹಿಂಡಿಗೆ ಹಿಂಡೇ ಹೋಗುತ್ತೆ" ಅಂದರು. ನಮ್ಮವರು ಆ ಜಿಂಕೆಯ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಹಲ್ಲಿನ ನಡುವಿನ ಗರಿಯನ್ನು ಬಿಡಿಸಿ ತೆಗೆದರು. ಎದ್ದವರೇ, "ಮುಳ್ಳು ತನ್ನಿ. ಕಂಡಿ ಎಲ್ಲಾ ಮುಚ್ಚಿ" ಅಂದರು. ಮುಚ್ಚಿದೆವು. ಹಸಿವಿಗೆ ಮುಳ್ಳು ಯಾವ ಲೆಕ್ಕ? ಮಾರನೆಯ ದಿನವೇ ಅವು ಕಾಲಿನಿಂದ ಕೆದರಿ ಹೊಸ ಕಂಡಿ ಮಾಡುತ್ತಿದ್ದವು.

"ಕೊಯ್ದು ಬಿಸಾಕೋಣ ಸಾ" ಅಂದೆ.

"ಕೊಯ್ದ್ರೆ ಮುಗೀತಲ್ಲಯ್ಯ. ಇನ್ನೊಂದು ಹದ ಮಳೆ ಬಂದ್ರೆ ಇದೇ ಏಳುತ್ತೆ, ತೆನೆ ಕಟ್ಟುತ್ತೆ, ಇದೇ ಮೇವು. ಇದು ಬಿಟ್ರೆ ಬೇಸಿಗೆಗೆ ಏನು ಹಾಕ್ತೀಯ, ನಿನ್ನ ತಲೇನಾ?"

ಅಲ್ಲಿಂದ ಆ ಪಟ್ಟೆಯನ್ನು ಕಾಯುವುದೇ ನಮ್ಮ ಕೆಲಸವಾಯಿತು. ಕಳ್ಳರಿಂದ ಅಲ್ಲ, ಯಾರಿಗೆಂದು ಬಿತ್ತಿದ್ದೆವೋ ಅವರಿಂದ. ಮಧ್ಯೆ ಬೇರೆ ದಾರಿಗಳನ್ನೂ ಹುಡುಕಿದರು. ಕುಣಿಗಲ್ಲಿನಲ್ಲಿ ಅವರ ಅಕ್ಕನ ಮನೆ. ಅಲ್ಲಿ ಕೆರೆಯ ಕೆಳಗಿನ ಗದ್ದೆ ಬದುಗಳಲ್ಲಿ ಇನ್ನೂ ಒಂದಿಷ್ಟು ಹುಲ್ಲಿತ್ತು. ಭಾವನಿಗೆ ದುಂಬಾಲು ಬಿದ್ದು ಕೊಯ್ಯಿಸಿ ಟೆಂಪೋದಲ್ಲಿ ತರಿಸಿದರು. ಜಿಂಕೆಗಳು ಮೂಸಿ ನೋಡಿದವು, ಡೀಸೆಲ್ ವಾಸನೆಗೋ ಏನೋ ಹಿಂದೆ ಸರಿದವು. ಬೆಳಗಾಗುವಷ್ಟರಲ್ಲಿ ಊರಿನ ದನಗಳು ಅದನ್ನು ಖಾಲಿ ಮಾಡಿದ್ದವು. ಜಾಲಿಕಾಯಿ ಆರಿಸಿ ತಂದು ಸುರಿದೆವು. ಅದನ್ನು ತಿಂದವು, ಆದರೆ ಆ ವರ್ಷ ಜಾಲಿಯಲ್ಲೂ ಕಾಯಿ ಕಡಿಮೆ. ಹಿಂಡಿನ ಪಕ್ಕೆಲುಬುಗಳು ದೂರದಿಂದಲೇ ಕಾಣುತ್ತಿದ್ದವು. ಜಿಂಕೆಗಳು ಒಂದೊಂದಾಗಿ ಕುಸಿಯುತ್ತಿದ್ದವು, ಅದು ಹಸಿವಿನಿಂದ.

ಮೊದಲು ಖಾಲಿ ಎಣ್ಣೆ ಡಬ್ಬ ಬಡಿದು ಓಡಿಸಿದೆವು. ವಾರದೊಳಗೆ ಅವಕ್ಕೆ ಡಬ್ಬದ ಸದ್ದು ರೂಢಿಯಾಗಿ ಹೋಯಿತು. ಅವರು ಬಂಡೆಯ ಮೇಲೆ ನಿಂತು ಕೂಗಿದರೆ ಇನ್ನೂ ಕಷ್ಟ. ಆ ಗಂಟಲು ಕೇಳಿ ಅವು ಹತ್ತಿರ ಬರುತ್ತಿದ್ದವು! ಮೇವು ಹಾಕುತ್ತಾರೆ ಅಂತ. ಅದನ್ನು ನೋಡಿದ ದಿನ ಅವರು ಮೊದಲ ಸಲ ಜಿಂಕೆಗಳಿಗೆ ಕನ್ನಡದಲ್ಲಿ ಬೈದರು. "ಹೋಗ್ರೋ! ಸಾಯೋಕ್ ಬರ್ತೀರೇನ್ರೋ ಹಾಳಾದವೇ, ಹೋಗ್ರೋ!" ನಮಗೆ ಬೈಯುತ್ತಿದ್ದ ಅದೇ ಬೈಗುಳ. ನಮಗೆ ನಗು ಬರಬೇಕಾಗಿತ್ತು. ಬರಲಿಲ್ಲ.

ರಂಜಾನ್ ಆ ಹೊತ್ತಿಗೇ ಬಂತು. ಬೆಳಗಿನಿಂದ ಸಂಜೆಯವರೆಗೆ ಒಂದು ತೊಟ್ಟು ನೀರಿಲ್ಲದೆ ಬಿಸಿಲಿನಲ್ಲಿ ಬೇಲಿ ಸುತ್ತುತ್ತಿದ್ದರು. "ಮನೇಗ್ ಹೋಗಿ ಸಾ, ನಾವ್ ನೋಡ್ಕತೀವಿ, ಉಪಾಸ ಬೇರೆ ಇದೀರ" ಅಂದರೆ ನನ್ನ ಮೇಲೇ ಸಿಡುಕಿದರು. "ನನ್ನ ಹಸಿವಿಗೆ ಸಾಯಂಕಾಲ ಅಂತ ಒಂದಿದೆ ಕಣಯ್ಯ. ಅವಕ್ಕೆ ಏನಿದೆ?" ಸೂರ್ಯ ಮುಳುಗಿದ ಮೇಲೆ ಖರ್ಜೂರ ಬಾಯಿಗೆ ಹಾಕಿಕೊಳ್ಳುವಾಗ ಅವರು ಹಿಂಡಿಗೆ ಬೆನ್ನು ಮಾಡಿ ಕೂರುತ್ತಿದ್ದರು.

ಕಲ್ಲಿಗೆ ಕೈ ಹಾಕಿದ್ದು ಅವರೇ, ನಾವಲ್ಲ. ಮರಿ ಜೊತೆಗಿದ್ದ ಒಂದು ಹೆಣ್ಣು ಬೇಲಿಯ ಕೆಳಗೆ ಕತ್ತು ತೂರಿಸಿಬಿಟ್ಟಿತ್ತು. ಕೂಗಿದರೂ ಹಂದಲಿಲ್ಲ. ಅವರು ಕಲ್ಲು ಬೀಸಿದರು. ಬೆದರಿಸಲು ಬೀಸಿದ್ದು, ಮುಂಗಾಲಿಗೇ ತಗುಲಿತು. ಅದು ಕುಂಟುತ್ತ ಓಡಿತು, ಹಿಂದೆ ಮರಿ. ಒಂದಷ್ಟು ದೂರ ಹೋಗಿ ತಿರುಗಿ ನಿಂತು ಅವರನ್ನು ನೋಡಿತು. ನಾವು ನಾಲ್ಕಾರು ಜನ ಇದ್ದೆವು, ಅದು ಅವರೊಬ್ಬರನ್ನೇ ನೋಡಿತು. ಅವರು ಕೈಯಲ್ಲಿದ್ದ ಇನ್ನೊಂದು ಕಲ್ಲನ್ನು ಕೆಳಗೆ ಹಾಕಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ಇನ್ನೊಂದ್ ಬಂತು ನೋಡು, ಆ ಕಡೆ ಹೋಗು" ಅಂತ ನನಗೆ ಕೂಗಿದರು. ಅವತ್ತು ನನಗೆ ಈ ನೌಕರಿಯೇ ಬೇಡ ಅನ್ನಿಸಿಬಿಟ್ಟಿತು.

ಕಾವಲಿನ ಅಂಚಿನಲ್ಲಿ ಪುಟ್ಟಮ್ಮ ಅಂತ ಒಬ್ಬಳು, ಒಂದು ಹಸು, ಒಂದು ನಾಯಿ ಇಟ್ಟುಕೊಂಡು ಗುಡಿಸಲಲ್ಲಿದ್ದಳು. ಆ ನಾಯಿ ಜಿಂಕೆ ಅಟ್ಟುತ್ತದೆ ಅಂತ ಇವರು ವರ್ಷಗಟ್ಟಲೆ ಅವಳ ಜೊತೆ ಜಗಳ ಆಡಿದ್ದರು. ಕಲ್ಲು ಬಿದ್ದ ಮಾರನೆಯ ಬೆಳಿಗ್ಗೆ ಅವಳ ಬಾಗಿಲಿಗೆ ಹೋಗಿ ನಿಂತರು. ಅವಳು ನಾಯಿಯನ್ನು ಸೆರಗಿನ ಹಿಂದಕ್ಕೆ ಎಳೆದುಕೊಂಡಳು.

"ಗುಂಡ್ ಹೊಡೀಬ್ಯಾಡಿ ಸಾಬ್ರೆ, ಕಟ್ಟಾಕ್ತೀನಿ."

"ಕಟ್ಟಾಕ್ಬೇಡ ಪುಟ್ಟಮ್ಮ. ನನಗೆ ಕೊಡು. ಜಿಂಕೆ ಓಡಿಸ್ಬೇಕು."

ಅವಳು ಅವರ ಮುಖವನ್ನೇ ನೋಡಿದಳು. ಆಮೇಲೆ ಹಗ್ಗ ಕೈಗೆ ಕೊಟ್ಟು, "ಅವು ಮೇಯಂಗಿಲ್ಲ ಅಂದ್ ಮ್ಯಾಕೆ ಆ ಜೋಳ ನಮ್ ಹಸಕಾದ್ರೂ ಕೊಡಿ ಸಾಬ್ರೆ" ಅಂದಳು.

"ಸಾಯುತ್ತೆ ಕಣಮ್ಮ, ನಂಜು."

"ಹೊಟ್ಟೆಗಿಲ್ದೆ ಸಾಯೋದೂ ಸಾವೇ ಅಲ್ವಾ? ಬುಡಿ."

ಅವತ್ತಿನಿಂದ ಇವರು ನಾಯಿಯನ್ನು ಹಗ್ಗದಲ್ಲಿ ಹಿಡಿದು ಬೇಲಿ ಸುತ್ತಿದರು. ಹಿಂಡು ಹೆಚ್ಚೇ ಮುತ್ತಿಕೊಂಡರೆ ಹಗ್ಗ ಬಿಡುತ್ತಿದ್ದರು, ಅಟ್ಟಿಸಿದ ಮೇಲೆ ಸೀಟಿ ಹಾಕಿ ಕರೆಯುತ್ತಿದ್ದರು. ಜಿಂಕೆಗಳಿಗೆ ಬೇಗ ಅರ್ಥವಾಯಿತು. ಕೆಲವು ದಿನಗಳಲ್ಲಿ ನಾಯಿ ಇಲ್ಲದಿದ್ದರೂ, ಅವರ ಖಾಕಿ ಅಂಗಿ ಬಂಡೆಯ ಮೇಲೆ ಕಂಡರೆ ಸಾಕು, ಹಿಂಡು ಗುಡ್ಡದ ಆಚೆ ಇಳಿದು ಹೋಗುತ್ತಿತ್ತು.

ಮಳೆ ಬರಲಿಲ್ಲ. ಒಂದು ಸಂಜೆ ಮೋಡ ಕಟ್ಟಿತು, ನಾವೆಲ್ಲ ಎದ್ದು ನಿಂತೆವು. ಅವರ ಮುಖ ಮಾತ್ರ ಕಪ್ಪಿಟ್ಟಿತು. "ಈಗ ನಾಲ್ಕು ಹನಿ ಬಿದ್ರೆ ಬುಡದಿಂದ ಹೊಸ ಚಿಗುರು ಹೊಡೆಯುತ್ತೆ. ಅದು ಎಲ್ಲಕ್ಕಿಂತ ಕೆಟ್ಟದ್ದು" ಅಂದರು. ಅದುವರೆಗೆ ಮಳೆ ಬರಲಿ ಅಂತ ಕಾದವರು ಆ ಸಂಜೆ ಮಳೆ ಬಾರದಿರಲಿ ಅಂತ ಬೇಡಿಕೊಂಡರು. ಮೋಡ ತೇಲಿ ಹೋಯಿತು. ಮಾರನೆಯ ಬೆಳಿಗ್ಗೆ ಅವರೇ ಮೊದಲು ಕುಡುಗೋಲು ಹಿಡಿದು ಪಟ್ಟೆಗೆ ಇಳಿದರು. ಬುಡಸಮೇತ ಕಿತ್ತದ್ದು, ಕೊಯ್ದದ್ದು ಎಲ್ಲವನ್ನೂ ಬಂಡೆಯ ಮೇಲೆ ತೆಳ್ಳಗೆ ಹರವಿದೆವು. ಚೆನ್ನಾಗಿ ಒಣಗಿದರೆ ನಂಜು ಹಾರಿಹೋಗಬಹುದು ಅಂತ ಡಾಕ್ಟರು ಹೇಳಿದ್ದರು. ಬಹುದು ಅಂತ ಅಷ್ಟೇ. ದಿನಾ ತಿರುವಿ ಹಾಕಿದೆವು. ಗಳಗಳ ಅನ್ನುವಷ್ಟು ಒಣಗಿತು. ಆದರೂ ಹಾಕಲು ಅವರಿಗೆ ಧೈರ್ಯ ಬರಲಿಲ್ಲ. ಕಂತೆ ಎತ್ತಿಕೊಂಡು ಹೋಗುವುದು, ಹಾಗೇ ವಾಪಸು ತರುವುದು. "ಇದನ್ನ ನಾನೇ ಹಾಕಿ, ನಾನೇ ಕೊಂದ್ರೆ?" ಅಂತ ನನ್ನನ್ನು ಕೇಳುತ್ತಿದ್ದರು.

ಆ ಗಂಟು ಬಿಡಿಸಿದ್ದು ಪುಟ್ಟಮ್ಮ. ಒಂದು ಬೆಳಿಗ್ಗೆ ನೇರ ಬಂಡೆಯ ಹತ್ತಿರ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮೊನ್ನೆ ಒಂದ್ ಕಂತೆ ಕದ್ಕಂಡ್ ಹೋಗಿದ್ದೆ ಸಾಬ್ರೆ. ಬೈಯಂಗಿದ್ರೆ ಬೈಕಳಿ. ನಮ್ ಹಸ ತಿಂತು, ಬದುಕೈತೆ, ಸಗಣಿನೂ ಹಾಕೈತೆ. ನಿಮ್ಮವಕ್ಕೂ ಹಾಕಿ, ಇನ್ನೇನ್ ನೋಡ್ತಾ ಇದೀರ?"

ಅವರು ಅವಳನ್ನು ಬಾಯಿಗೆ ಬಂದಂತೆ ಬೈದರು. ಬೈಯುತ್ತ ಬೈಯುತ್ತಲೇ ಎರಡು ಕಂತೆ ಎತ್ತಿ ಅವಳ ತಲೆಯ ಮೇಲೆ ಇಟ್ಟರು. ಮಿಕ್ಕದ್ದನ್ನು ಹೊತ್ತು ಬೇಲಿಯ ಹತ್ತಿರ ತಂದು, ಮುಚ್ಚಿದ್ದ ಕಂಡಿಗಳನ್ನು ತಾವೇ ಬಿಡಿಸಿ, ಅಲ್ಲಲ್ಲಿ ಹರವಿ ಬಂಡೆಯ ಮೇಲೆ ಕೂತರು. ಹಿಂಡು ದೂರದಲ್ಲಿ ನಿಂತಿತ್ತು. "ಆಜಾ ಬೇಟಾ" ಅಂದರು, ಎಷ್ಟೋ ದಿನದ ಮೇಲೆ. ಆ ದನಿ ಕೇಳಿದ್ದೇ ತಡ, ಹಿಂಡು ಎದ್ದುಬಿದ್ದು ಓಡಿತು. ಮತ್ತೆ ಕರೆದರು. ಮತ್ತೆ ಓಡಿತು, ಆ ಬಡಕಲು ಕಾಲುಗಳಲ್ಲಿ, ಎರಡು ಮರಿಗಳು ಮುಗ್ಗರಿಸಿ ಬಿದ್ದವು. "ಸಾ, ನೀವ್ ಸ್ವಲ್ಪ ಈ ಕಡೆ ಬನ್ನಿ" ಅಂತ ನಾನೇ ಅವರ ತೋಳು ಹಿಡಿದು ಎಬ್ಬಿಸಿ, ದಿಣ್ಣೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಕೂರಿಸಿದೆ. ಹೊತ್ತು ಇಳಿಯುವ ಮುಂಚೆ ಜಿಂಕೆಗಳು ಬಂದು ತಿಂದವು. ಯಾವುದೂ ಸಾಯಲಿಲ್ಲ. ಅವರು ದಿಣ್ಣೆಯ ಹಿಂದೆ ಕೂತೇ ನನ್ನಿಂದ ಕೇಳಿ ತಿಳಿದುಕೊಂಡರು.

ಹಿಂಡಿನಲ್ಲಿ ಬಹಳ ಹೋದವು. ಆದರೆ ಹಿಂಡು ಅಂತ ಒಂದು ಉಳಿಯಿತು. ಆಮೇಲಿನ ವರ್ಷಗಳಲ್ಲಿ ಮಳೆ ಹಿಡಿಯಿತು, ನಾಲ್ಕೂ ಪಟ್ಟೆ ತುಂಬಿ ಬಂದವು, ಹುರುಳಿ ಕಾಲಿಗೆ ತೊಡರುವಷ್ಟು. ನಾನು ಪಟ್ಟೆಯ ಪಕ್ಕ ನಡೆದು ಹೋದರೆ ಜಿಂಕೆಗಳು ತಲೆ ಎತ್ತಿ ನೋಡಿ ಸುಮ್ಮನಾಗುತ್ತಿದ್ದವು. ಅವರು ಕಾವಲಿಗೆ ಕಾಲಿಟ್ಟರೆ ಒಂದೂ ನಿಲ್ಲುತ್ತಿರಲಿಲ್ಲ. ಖಾಕಿ ಬಿಟ್ಟು ಬಿಳಿ ಜುಬ್ಬ ಹಾಕಿಕೊಂಡು ಬಂದರು. ಬಾಯಿ ಮುಚ್ಚಿಕೊಂಡು ಬಂದರು. ಬೇರೆ ದಿಕ್ಕಿನಿಂದ ಬಂದರು. ಉಪಯೋಗವಾಗಲಿಲ್ಲ. ಒಂದು ಮಳೆಗಾಲವೆಲ್ಲ ಹೀಗೆ ಪ್ರಯತ್ನ ಪಟ್ಟು, ಕೊನೆಗೆ ತಾವೇ ವರ್ಗ ಕೇಳಿ ತುಮಕೂರಿನ ಸತ್ಯಮಂಗಲದ ಕಡೆ ಸಸಿ ಬೆಳೆಸುವ ಕೆಲಸಕ್ಕೆ ಹೋದರು. ಮನೆ ಹತ್ತಿರ ಆಗಲಿ ಅಂತ ಹೋದರು ಎಂದು ಆಫೀಸಿನಲ್ಲಿ ಮಾತಾಡಿಕೊಂಡರು. ಹೊರಡುವ ದಿನ ನನಗೆ ಹೇಳಿದ್ದು ಇಷ್ಟು: "ನಾನಿದ್ರೆ ಅವು ತಿನ್ನಲ್ಲ ಕಣಯ್ಯ. ನೀನು ನೋಡ್ಕೋ."

ರಿಟೈರ್ ಆದ ಮೇಲೆ ಒಮ್ಮೆ ಸಿಕ್ಕಿದ್ದರು. ಮಗಳ ಮದುವೆಗೆ ಕರೆಯಲು ಸಿ.ಎಸ್. ಪುರಕ್ಕೆ ಹೊರಟಿದ್ದರು, ನಾನು ಗುಬ್ಬಿಯಲ್ಲಿ ಅದೇ ಬಸ್ಸು ಹತ್ತಿ ಅವರ ಪಕ್ಕ ಕೂತೆ. ಕಾವಲಿನ ಹತ್ತಿರ ಯಾರೋ ಇಳಿಯುವವರಿದ್ದರು, ಬಸ್ಸು ನಿಂತಿತು. ರಸ್ತೆಯಿಂದ ಸ್ವಲ್ಪ ಒಳಗೆ ಹುರುಳಿ ಪಟ್ಟೆಯಲ್ಲಿ ಹಿಂಡು ಮೇಯುತ್ತಿತ್ತು.

"ಇಳೀರಿ ಸಾ, ನೋಡ್ಕಂಡ್ ಮುಂದಿನ ಬಸ್ಸಿಗೆ ಹೋಗೋಣ."

"ಬೇಡ."

"ಆಗಿದ್ದವು ಒಂದೂ ಈಗ ಇರಲ್ಲ ಸಾ. ಇವಕ್ಕೆ ನಿಮ್ಮ ಗುರುತೇ ಇಲ್ಲ."

"ತಾಯಂದಿರು ಹೇಳ್ಕೊಟ್ಟಿರ್ತಾವೆ" ಅಂದು ಅವರು ಕಿಟಕಿಯ ಗಾಜನ್ನು ಮುಚ್ಚಿ, ಅದರ ಮೇಲಿನ ಪರದೆಯನ್ನೂ ಎಳೆದು, ತಲೆ ತಗ್ಗಿಸಿ ಕೂತರು. "ನೀನು ಮುಂದಿನ ಕಿಟಕೀಲಿ ನೋಡಿ ಹೇಳು. ಮರಿ ಇದಾವಾ?"

ನಾನು ಎದ್ದು ಮುಂದಿನ ಸೀಟಿನವರ ಮೇಲೆ ಬಗ್ಗಿ ನೋಡಿದೆ. "ಇದಾವೆ ಸಾ. ಸುಮಾರಿವೆ."

"ತಿಂತಾವಾ?"

"ತಿಂತಾ ಇದಾವೆ."

ಬಸ್ಸು ಹೊರಟಿತು. ಕಾವಲು ಪೂರ್ತಿ ಹಿಂದೆ ಸರಿಯುವವರೆಗೂ ಅವರು ಪರದೆ ಸರಿಸಲಿಲ್ಲ.